‘ಡೋಂಟ್ ವರಿ’ ಎಲ್ಲಿ, ‘ನೆವರ್ ಮೈಂಡ್’ ಎಲ್ಲಿ? ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಲ್ಲಿ ಸಮಾಧಾನದ ಮಾತಿಗೆ ಬರವಿಲ್ಲ. ಕನ್ನಡದವರು ‘ಮಂಡೆಬೆಚ್ಚ ಮಾಡ್ಬೇಡಿ’ ಅಂತಾರೆ, ತುಳುವಿನವರು ‘ದಾಲ ಇಜ್ಜಿ ಮಾರಾಯ್ರೆ’ ಅಂತಾರೆ, ಮಲಯಾಳದವರು ‘ಸಾರಮಿಲ್ಲ’ ಅಂತಾರೆ. ಈ ‘ಸಾರಮಿಲ್ಲ’ ಅಂತೂ ಈಗ ಭಾಷೆಯ ಭೇದವಿಲ್ಲದೆ ಎಲ್ಲರ ಬಾಯಲ್ಲೂ ಇದೆ. ಚಹಾ ಚೆಲ್ಲಿದರೂ ಸಾರಮಿಲ್ಲ, ಕಾಸರಗೋಡಿನ ಬಸ್ಸು ತಪ್ಪಿದರೂ ಸಾರಮಿಲ್ಲ, ಪ್ಲಸ್ ಟೂ ಫೇಲಾದರೂ ಸಾರಮಿಲ್ಲ. ಇಂಗ್ಲಿಷ್ ಇಷ್ಟು ಉದಾರಿಯಲ್ಲ. ಅಲ್ಲಿ ಚೆಲ್ಲಿದ ಚಹಾಕ್ಕೆ ಒಂದು ಮಾತು, ನಾಳೆಯ ಇಂಟರ್‌ವ್ಯೂಗೆ ಇನ್ನೊಂದು, ಆಪರೇಷನ್ನಿಗೆ ಮತ್ತೊಂದು.

ಪೇಟೆಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ವಿದೇಶಕ್ಕೆ ಹೊರಟ ನರ್ಸುಗಳು. ಉಳಿದವರಲ್ಲಿ ಬೇಕಲದ ಕಡೆ ರಿಸಾರ್ಟೊಂದರ ಕೌಂಟರಿನಲ್ಲಿ ನಿಲ್ಲುವ ಹುಡುಗನಿದ್ದಾನೆ, ಗಲ್ಫಿಗೆ ವೀಸಾ ಕಾಯುತ್ತಿರುವವರಿದ್ದಾರೆ, ಮೆಲ್ಬರ್ನಿನ ಮೊಮ್ಮಗನ ಹತ್ತಿರ ಮಾತಾಡಬೇಕೆಂದು ಬರುವ ನೀರ್ಚಾಲಿನ ಒಬ್ಬ ಅಮ್ಮನೂ ಇದ್ದಾರೆ. ಹೆಚ್ಚಿನವರು ನನ್ನ ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಕಲಿತವರು. ವ್ಯಾಕರಣದಲ್ಲಿ ಗಟ್ಟಿ. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡಲು ಹೇಳಿದರೆ ನಿದ್ದೆಯಲ್ಲೂ ಮಾಡುತ್ತಾರೆ. ಎದುರಿಗೆ ಒಬ್ಬರು ಅಳುತ್ತ ಕೂತರೆ ಮಾತ್ರ ಎಲ್ಲರದ್ದೂ ಒಂದೇ ‘ಡೋಂಟ್ ವರಿ’.

ಬಾಯಿ ತೆರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಆದದ್ದು ಆಗಿ ಮುಗಿದಿದೆಯೋ, ಇನ್ನು ಆಗಲಿಕ್ಕಿದೆಯೋ? ತಪ್ಪು ಯಾರದ್ದು: ಅವರದ್ದೋ, ನಿಮ್ಮದೋ, ಯಾರದ್ದೂ ಅಲ್ಲವೋ? ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಗೊಂದಲ ಅಲ್ಲಿಗೇ ಕಳೆಯುತ್ತದೆ.

ಸುಲಭದ್ದರಿಂದ ಶುರುಮಾಡುವ. ಎದುರಿನವರು ನಿಮಗೆ ‘ಸಾರಿ’ ಹೇಳಿದ್ದಾರೆ. ಬಸ್ಸಿನಲ್ಲಿ ಕಾಲು ತುಳಿದರು, ಬೆಳಿಗ್ಗೆ ಕಳಿಸುತ್ತೇನೆಂದ ಫೈಲನ್ನು ಮಧ್ಯಾಹ್ನ ಕಳಿಸಿದರು. ‘ದಟ್ಸ್ ಓಕೆ’ ಅಥವಾ ‘ದಟ್ಸ್ ಆಲ್ ರೈಟ್’ ಅಂದರೆ ಸಾಕು. ‘ಇಟ್ಸ್ ಓಕೆ’ ಅಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಬಿದ್ದು ಅಳುವ ಮಗುವನ್ನು ಎತ್ತಿಕೊಂಡಾಗ ‘ಇಟ್ಸ್ ಓಕೆ, ಇಟ್ಸ್ ಓಕೆ’ ಮಾತ್ರ ಬರುತ್ತದೆ, ‘ದಟ್ಸ್ ಓಕೆ’ ಬರುವುದಿಲ್ಲ. ಮಗು ನಿಮ್ಮಲ್ಲಿ ಕ್ಷಮೆ ಕೇಳಲಿಲ್ಲವಲ್ಲ.

‘ನೋ ಪ್ರಾಬ್ಲಮ್’ ಕೂಡ ಇದೇ ಜಾಗದ್ದು. ಯಾರಾದರೂ ಏನಾದರೂ ಕೇಳಿಕೊಂಡಾಗ, ಥ್ಯಾಂಕ್ಸ್ ಹೇಳಿದಾಗ, ಸಣ್ಣದಕ್ಕೆ ಸಾರಿ ಹೇಳಿದಾಗ ನಡೆಯುತ್ತದೆ. ‘ನೋ ವರೀಸ್’ ಅದರ ಆಸ್ಟ್ರೇಲಿಯಾದ ತಮ್ಮ. 1960ರ ದಶಕದಲ್ಲಿ ಅಲ್ಲಿ ಬಳಕೆಗೆ ಬಂದು, ಈಗ ಲಂಡನ್ನಿನಲ್ಲೂ ಬೆಂಗಳೂರಿನಲ್ಲೂ ಓಡಾಡುತ್ತಿದೆ. ನೀರ್ಚಾಲಿನ ಅಮ್ಮ ವಿಡಿಯೋ ಕಾಲ್ ತಡವಾಗಿ ಎತ್ತಿ ‘ಸಾರಿ ಮಗಾ’ ಅಂದಾಗ ಮೊಮ್ಮಗ ‘ನೋ ವರೀಸ್ ಅಜ್ಜಿ’ ಅಂದನಂತೆ. ಮರುದಿನ ಬಂದು ಕೇಳಿದರು: “ಟೀಚರೇ, ಚಿಂತೆ ಇಲ್ಲದ್ದು ಅವನಿಗೋ ನನಗೋ?” ಇಬ್ಬರಿಗೂ ಅಲ್ಲ ಅಮ್ಮಾ, ‘ಪರವಾಗಿಲ್ಲ’ ಅಂದದ್ದು ಅಷ್ಟೇ. ಹೆಸರಿನಲ್ಲಿ ವರಿ ಇದೆಯೆಂದು ಇದನ್ನು ನಿಜವಾಗಿ ಚಿಂತೆಯಲ್ಲಿರುವವರಿಗೆ ಹೇಳಬಾರದು. ಬಯಾಪ್ಸಿ ರಿಪೋರ್ಟಿಗೆ ಕಾಯುತ್ತ ಕೂತವರಿಗೆ ‘ನೋ ವರೀಸ್’ ಅಂದರೆ ನಿಮಗೆ ಅವರ ಸಂಕಟ ಕಿವಿಗೇ ಬೀಳಲಿಲ್ಲ ಅಂತ ಆಗುತ್ತದೆ.

‘ಡೋಂಟ್ ವರಿ’ ಮತ್ತು ‘ಡೋಂಟ್ ವರಿ ಅಬೌಟ್ ಇಟ್’ ನಡುವೆ ಎರಡೇ ಶಬ್ದದ ಅಂತರ, ಆದರೆ ಕಿಸೆಗೆ ತಾಗುವ ಅಂತರ. ಜತೆಗಾರ ಊಟದ ಬಿಲ್ಲಿನ ತನ್ನ ಪಾಲು 500 ರೂಪಾಯಿ ಕೊಡಲು ಮರೆತ, ನೆನಪಾಗಿ ಸಾರಿ ಹೇಳಿದ ಅಂತಿಟ್ಟುಕೊಳ್ಳಿ. ‘ಡೋಂಟ್ ವರಿ ಅಬೌಟ್ ಇಟ್’ ಅಂದರೆ ಆ ವಿಷಯ ಬಿಟ್ಟುಬಿಡು, ಕೊಡಬೇಕಾಗಿಲ್ಲ ಅಂತಲೇ ಅವನು ತಿಳಿಯಬಹುದು. ಎತ್ತಿದ ಪರ್ಸು ಮತ್ತೆ ಕಿಸೆಗೆ ಹೋಗುತ್ತದೆ. ಹಣ ಬೇಕು, ಆದರೆ ಅವಸರವಿಲ್ಲ ಅಂತಾದರೆ ‘ನೋ ರಶ್, ವೆನೆವರ್ ಯು ಕ್ಯಾನ್’ ಅನ್ನಿ. ಮರ್ಯಾದೆಯೂ ಉಳಿಯುತ್ತದೆ, ಹಣವೂ ಬರುತ್ತದೆ.

‘ನೆವರ್ ಮೈಂಡ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಮ್ಮವರಿಗೆ ಅದರ ಮೇಲೆ ವಿಪರೀತ ಪ್ರೀತಿ. ಅದಕ್ಕೆ ಇರುವುದು ಎರಡು ಕೆಲಸ. ಸಣ್ಣ ನಿರಾಸೆಯನ್ನು ತಳ್ಳಿಹಾಕುವುದು ಒಂದು. ಮಳೆ ಬಂದು ಮ್ಯಾಚು ನಿಂತಿತು, ಬೇಕಾದ ಬಣ್ಣದ ಸೀರೆ ಅಂಗಡಿಯಲ್ಲಿ ಮುಗಿದಿತ್ತು: ‘ನೆವರ್ ಮೈಂಡ್’. ಇನ್ನೊಂದು, ನಾವೇ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಪೆನ್ನು ಇದೆಯಾ ಅಂತ ಕೇಳಿದಿರಿ, ಅಷ್ಟರಲ್ಲಿ ನಿಮ್ಮ ಬ್ಯಾಗಿನಲ್ಲೇ ಸಿಕ್ಕಿತು: ‘ಓ, ನೆವರ್ ಮೈಂಡ್’. ಈ ಎರಡನೆಯದ್ದು ನಮ್ಮನ್ನು ಬೀಳಿಸುತ್ತದೆ. ನಮ್ಮ ಒಬ್ಬಳು ನರ್ಸ್ ಹುಡುಗಿ ಪೆರ್ಲದ ಮನೆಯಿಂದಲೇ ವಿಡಿಯೋ ಇಂಟರ್‌ವ್ಯೂ ಕೊಡುತ್ತಿದ್ದಳು. ಅಲ್ಲಿ ನೆಟ್‌ವರ್ಕ್ ಗುಡ್ಡದ ಮರ್ಜಿ. ಆ ಕಡೆಯವರು ‘ಸಾರಿ, ಐ ಮಿಸ್ಡ್ ದಟ್’ ಅಂದರು. ಇವಳು ಪಾಪ, ಅವರು ಸಾರಿ ಹೇಳಿದ್ದಕ್ಕೆ ಸಮಾಧಾನವಾಗಿ ‘ನೆವರ್ ಮೈಂಡ್, ಮ್ಯಾಡಮ್’ ಅಂದು ನಗುತ್ತ ಕೂತಳು. ಆ ಕಡೆಯವರು ಕಾಯುತ್ತ ಕೂತರು. ‘ಬಿಡಿ, ನಿಮಗೆ ಇನ್ನೊಮ್ಮೆ ಹೇಳುವುದಿಲ್ಲ’ ಅಂತ ಅವರಿಗೆ ಕೇಳಿಸಿತ್ತು. ಅಲ್ಲಿ ಬೇಕಿದ್ದದ್ದು ‘ನೋ ಪ್ರಾಬ್ಲಮ್’ ಅಂದು, ಹೇಳಿದ್ದನ್ನು ಮತ್ತೊಮ್ಮೆ ಹೇಳುವುದು. ದೊಡ್ಡ ನಷ್ಟಕ್ಕಂತೂ ‘ನೆವರ್ ಮೈಂಡ್’ ಹೇಳಲೇಬೇಡಿ. ಗಾಳಿಗೆ ಅಡಿಕೆ ತೋಟ ಮಲಗಿದವನಿಗೆ ‘ಹೋಗಲಿ ಬಿಡು’ ಅಂದ ಹಾಗೆ.

‘ಇಟ್ ಡಸಂಟ್ ಮ್ಯಾಟರ್’ ಹೇಳುವುದು ವಸ್ತುವಿನ ಬೆಲೆಯನ್ನು. ಒಡೆದದ್ದು ಒಂದು ಕಪ್ಪು, ಅದೇನು ದೊಡ್ಡದಲ್ಲ. ಅದನ್ನೇ ನಿಧಾನಕ್ಕೆ, ಸ್ವರ ಇಳಿಸಿ ಹೇಳಿದರೆ ದೂರು ಹೇಳಿದ ಹಾಗಾಗುತ್ತದೆ. ನಿಮ್ಮ ಹುಟ್ಟಿದ ಹಬ್ಬ ಮರೆತವರಿಗೆ ಹಾಗೆ ಹೇಳಿ ನೋಡಿ, ಸಂಜೆಯೊಳಗೆ ಕೇಕು ಬರುತ್ತದೆ. ‘ಇಟ್ಸ್ ಫೈನ್’ ಕೂಡ ಹಾಗೆಯೇ. ವಾಟ್ಸಾಪಿನಲ್ಲಿ ಅದೊಂದನ್ನೇ ಬರೆದು ಕೊನೆಗೆ ಫುಲ್‌ಸ್ಟಾಪ್ ಇಟ್ಟರೆ ಎಳೆಯರು ಸಿಟ್ಟು ಅಂತಲೇ ಓದುತ್ತಾರೆ.

ಇನ್ನು ತಪ್ಪು ನಿಮ್ಮ ಕಡೆಯದ್ದಾದರೆ. ರಿಸಾರ್ಟಿನ ಹುಡುಗ ಹೇಳಿದ ಕಥೆ: ಲಾಂಡ್ರಿಯಲ್ಲಿ ಗೆಸ್ಟೊಬ್ಬರ ಶರ್ಟಿಗೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು ಬಿತ್ತು. ಇವನ ಜತೆಗೆ ಕೆಲಸ ಮಾಡುವವನು ಆ ಶರ್ಟನ್ನೇ ಎತ್ತಿ ಹಿಡಿದು ‘ದೀಸ್ ಥಿಂಗ್ಸ್ ಹ್ಯಾಪನ್, ಸರ್’ ಅಂದನಂತೆ. ಗೆಸ್ಟಿನ ಮುಖ ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಯಿತು. ‘ಇಟ್ ಹ್ಯಾಪನ್ಸ್’, ‘ದೀಸ್ ಥಿಂಗ್ಸ್ ಹ್ಯಾಪನ್’ ಎರಡೂ ಒಳ್ಳೆಯ ಮಾತುಗಳೇ. ಆದರೆ ಅವನ್ನು ಹೇಳುವ ಹಕ್ಕು ಶರ್ಟು ಕಳೆದುಕೊಂಡವನಿಗೆ, ಸುಟ್ಟವನಿಗಲ್ಲ. ತಪ್ಪು ನಮ್ಮದಾದಾಗ ಸಮಾಧಾನದ ಮಾತೇ ಬೇಡ. ಮೊದಲು ‘ಐಯಾಮ್ ವೆರಿ ಸಾರಿ ಅಬೌಟ್ ದಿಸ್’, ಅದರ ಬೆನ್ನಿಗೇ ಏನು ಮಾಡುತ್ತೀರಿ ಅನ್ನುವುದು.

ಸಿಟ್ಟಿನಲ್ಲಿರುವವರಿಗೂ ಇದೇ ಮದ್ದು. ‘ಕಾಮ್ ಡೌನ್, ಸರ್’ ಅಂತ ಹೇಳಿಸಿಕೊಂಡು ತಣ್ಣಗಾದ ಮನುಷ್ಯನನ್ನು ನಾನಂತೂ ನೋಡಿಲ್ಲ. ‘ರಿಲ್ಯಾಕ್ಸ್’ ಅದಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ. ‘ಟೇಕ್ ಇಟ್ ಈಸಿ’ ಗೆಳೆಯರ ನಡುವೆ ನಡೆಯುತ್ತದೆ. ಜ್ವರ ಬಿಟ್ಟು ಎದ್ದವನಿಗೆ ‘ಟೇಕ್ ಇಟ್ ಈಸಿ ಫಾರ್ ಎ ಫ್ಯೂ ಡೇಸ್’ ಅಂದರೆ ಮೈಗೆ ಆರಾಮ ಕೊಡು ಅಂತ. ಅಮೆರಿಕದವರು ಹೊರಡುವಾಗ ಬೈ ಅನ್ನುವ ಬದಲು ಇದನ್ನೇ ಹೇಳುವುದೂ ಉಂಟು, ಆಗ ‘ನನಗೆಂತ ಆಗಿದೆ’ ಅಂತ ತಬ್ಬಿಬ್ಬಾಗಬೇಡಿ.

ಈಗ ಇನ್ನೂ ಆಗದ ವಿಷಯಕ್ಕೆ ಬರುವ. ನಾಳೆ ಡ್ರೈವಿಂಗ್ ಟೆಸ್ಟು, ನಾಡಿದ್ದು ಇಂಟರ್‌ವ್ಯೂ, ಅಥವಾ ಗಲ್ಫ್ ವೀಸಾಕ್ಕೆ ಮೆಡಿಕಲ್. ಈ ಮೆಡಿಕಲ್ಲಿನ ಭಯ ಏನೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಅನ್‌ಫಿಟ್’ ಅಂತ ಒಂದು ಶಬ್ದ ಬಿದ್ದರೆ ಮಾಡಿದ ಸಾಲವೆಲ್ಲ ಕಣ್ಣೆದುರು ಬರುತ್ತದೆ. ಹೊರಟವನಿಗೆ ಗೆಳೆಯನಾಗಿ ‘ಯೂ ವಿಲ್ ಬಿ ಫೈನ್’ ಅನ್ನಬಹುದು. ನೀನು ಗಟ್ಟಿಗ, ನಿನ್ನ ಮೇಲೆ ನನಗೆ ನಂಬಿಕೆಯಿದೆ ಅನ್ನುವ ಧಾಟಿ ಅದರಲ್ಲಿದೆ. ‘ಇಟ್ ವಿಲ್ ಬಿ ಫೈನ್’ ಅಂದರೆ ಕೆಲಸ ಸುಸೂತ್ರವಾಗುತ್ತದೆ ಅಂತ. ಮದುವೆಯ ಹಾಲ್, ಊಟದ ಲೆಕ್ಕ, ಬಸ್ಸಿನ ಹೊತ್ತು ಇಂಥದ್ದಕ್ಕೆ ಅದು. ಪರೀಕ್ಷೆಗೆ ಹೋಗುವ ಮಗಳಿಗೆ ಮೊದಲನೆಯದ್ದು ಹೆಚ್ಚು ತಾಗುತ್ತದೆ.

‘ಡೋಂಟ್ ವರಿ’ಗೆ ಇದೇ ಸರಿಯಾದ ಜಾಗ. ಆದರೆ ಅದು ಒಂಟಿಯಾಗಿ ನಿಲ್ಲುವ ಮಾತಲ್ಲ, ಹಿಂದೆ ಒಂದು ಕಾರಣ ಬೇಕು. ‘ಡೋಂಟ್ ವರಿ’ ಅಂದು ಸುಮ್ಮನಾದರೆ ಬಾಯಿ ಮುಚ್ಚಿಸಿದ ಹಾಗೆ. ‘ಡೋಂಟ್ ವರಿ, ದ ಲಾಸ್ಟ್ ಬಸ್ ಈಸ್ ಅಟ್ ನೈನ್’ ಅಂದರೆ ಹಿಡಿದುಕೊಳ್ಳಲಿಕ್ಕೆ ಏನೋ ಸಿಕ್ಕಿತು. ಕಾರಣ ನಿಮ್ಮಲ್ಲಿ ಇಲ್ಲವೋ, ‘ಟ್ರೈ ನಾಟ್ ಟು ವರಿ’ ಅನ್ನಿ. ಚಿಂತೆ ಮಾಡಲು ಕಾರಣವಿದೆ ಅಂತ ಒಪ್ಪಿಕೊಂಡು, ಆದಷ್ಟು ಹಗುರ ಮಾಡಿಕೋ ಅಂತ ಹೇಳುವ ಮಾತು ಅದು. ‘ದೇರ್ ಈಸ್ ನಥಿಂಗ್ ಟು ವರಿ ಅಬೌಟ್’ ಹಾಗಲ್ಲ, ಅದೊಂದು ಹೇಳಿಕೆ. ರಿಪೋರ್ಟು ಕೈಯಲ್ಲಿರುವ ಡಾಕ್ಟರು ಹೇಳಬಹುದು, ರಿಪೋರ್ಟು ನೋಡದ ನೀವು ಹೇಳಬಾರದು. ಬ್ರಿಟಿಷರ ‘ನಾಟ್ ಟು ವರಿ’ ತೀರಾ ಹಗುರದ್ದು. ಅಂಗಡಿಯಲ್ಲಿ ಚಿಲ್ಲರೆ ಇಲ್ಲದಿದ್ದರೆ ಸಾಕಾಗುತ್ತದೆ, ಆಸ್ಪತ್ರೆಗೆ ಸಾಲದು.

ನರ್ಸುಗಳು ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಡಿ. ನೀವು ಬರೆಯುವ ಒಇಟಿ (ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್) 1980ರ ದಶಕದ ಕೊನೆಗೆ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಪರೀಕ್ಷೆ. ಈಗ 12 ಆರೋಗ್ಯ ವೃತ್ತಿಗಳಿಗೆ ಇದೆ. ಸ್ಪೀಕಿಂಗ್‌ನಲ್ಲಿ ಎರಡು ರೋಲ್‌ಪ್ಲೇ: ಒಂದೊಂದಕ್ಕೂ ಕಾರ್ಡು ಓದಿ ತಯಾರಾಗಲು 3 ನಿಮಿಷ, ಮಾತಾಡಲು ಸುಮಾರು 5 ನಿಮಿಷ. ಎದುರಿಗೆ ರೋಗಿಯಾಗಿ ಮಾತಾಡುವವರು ಅಂಕ ಕೊಡುವವರಲ್ಲ, ರೆಕಾರ್ಡಿಂಗ್ ಕೇಳಿ ಬೇರೆಯವರು ಕೊಡುತ್ತಾರೆ. 2018ರ ಸೆಪ್ಟೆಂಬರಿನಿಂದ ಉಚ್ಚಾರ, ವ್ಯಾಕರಣದ ಜತೆಗೆ ರೋಗಿಯೊಡನೆ ಹೇಗೆ ನಡೆದುಕೊಂಡಿರಿ ಅನ್ನುವುದಕ್ಕೂ ಅಂಕವಿದೆ. ರೋಗಿಯ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ ತಿಳಿದುಕೊಂಡಿರಾ ಅಂತ ಅಲ್ಲಿ ನೋಡುತ್ತಾರೆ. ಅಂದರೆ ‘ಡೋಂಟ್ ವರಿ’ಯನ್ನು ಎಷ್ಟು ಚಂದ ಉಚ್ಚರಿಸಿದರೂ ಅದೊಂದರಿಂದ ಏನೂ ಹುಟ್ಟುವುದಿಲ್ಲ.

ತರಗತಿಯಲ್ಲಿ ನಾನು ಮಾಡಿಸುವ ಒಂದು ಕಾರ್ಡು ಹೀಗಿದೆ. ರೋಗಿಗೆ ಅರುವತ್ತು ದಾಟಿದೆ, ನಾಳೆ ಮೊಣಕಾಲಿನ ಆಪರೇಷನ್, ಅರಿವಳಿಕೆ ಕೊಟ್ಟ ಮೇಲೆ ಏಳುವುದೇ ಇಲ್ಲವೇನೋ ಅನ್ನುವ ಭಯ. ಹೊಸಬರು ಒಂದೇ ಉಸಿರಿಗೆ ಬಿಡುತ್ತಾರೆ: ‘ಡೋಂಟ್ ವರಿ ಸರ್, ಡೋಂಟ್ ಟೇಕ್ ಟೆನ್ಷನ್, ಎವ್ರಿಥಿಂಗ್ ವಿಲ್ ಬಿ ಆಲ್ ರೈಟ್.’ ಮೂರು ವಾಕ್ಯ, ಮೂರರಲ್ಲೂ ರೋಗಿ ಇಲ್ಲ. ಮೇಲಾಗಿ ‘ಟೇಕ್ ಟೆನ್ಷನ್’ ನಮ್ಮ ದೇಶದ ಒಳಗೆ ಮಾತ್ರ ಚಲಾವಣೆಯ ನಾಣ್ಯ.

ಅದರ ಬದಲು ಮೊದಲು ಭಯವನ್ನು ಗುರುತಿಸಿ: ‘ಐ ಕ್ಯಾನ್ ಸೀ ದಿಸ್ ಈಸ್ ವರಿಯಿಂಗ್ ಯು.’ ಇಷ್ಟು ಹೇಳಿ ನಿಲ್ಲಿಸಿ. ನಿಲ್ಲಿಸುವುದು ನಮ್ಮವರಿಗೆ ಮಹಾ ಕಷ್ಟ, ಐದು ನಿಮಿಷ ಓಡಿಹೋಗುತ್ತದೆ ಅನ್ನುವ ಗಾಬರಿ. ಆಮೇಲೆ ಕೇಳಿ: ‘ವಾಟ್ ಈಸ್ ಇಟ್ ದಟ್ ವರೀಸ್ ಯು ಮೋಸ್ಟ್?’ ಅಣ್ಣನಿಗೆ ಹೀಗೇ ಆಗಿತ್ತು ಅಂತಲೋ, ನೋವಿನದ್ದೇ ಹೆದರಿಕೆ ಅಂತಲೋ ಹೊರಬರುತ್ತದೆ. ಆಮೇಲೆ ನಿಮಗೆ ಖಾತ್ರಿಯಿರುವುದನ್ನು ಮಾತ್ರ ಹೇಳಿ: ‘ದಿ ಅನಸ್ತೆಟಿಸ್ಟ್ ವಿಲ್ ಬಿ ವಿತ್ ಯು ದ ಹೋಲ್ ಟೈಮ್.’ ಉಸಿರು, ಹೃದಯದ ಬಡಿತ, ರಕ್ತದೊತ್ತಡ ಎಲ್ಲವನ್ನೂ ಈ ಅರಿವಳಿಕೆಯ ಡಾಕ್ಟರು ಉದ್ದಕ್ಕೂ ನೋಡುತ್ತಿರುತ್ತಾರೆ, ಬೇಕಿದ್ದರೆ ಆಪರೇಷನ್ನಿಗೆ ಮೊದಲೇ ಅವರನ್ನು ಕೇಳಬಹುದು ಅಂತ ಸೇರಿಸಿ. ‘ಎವ್ರಿಥಿಂಗ್ ವಿಲ್ ಬಿ ಆಲ್ ರೈಟ್’ ಅನ್ನುವುದನ್ನು ನೀವಾಗಲಿ ಸರ್ಜನ್ ಆಗಲಿ ಬರೆದುಕೊಡಲಾರಿರಿ. ಅದನ್ನು ದೇವರ ಫೈಲಿನಲ್ಲೇ ಇರಗೊಡಿ.

2020ರ ಮಾರ್ಚಿನಲ್ಲಿ, ಕೊರೊನಾದ ಹೊತ್ತಿಗೆ, ಕರ್ನಾಟಕದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದವರು ಈಚೆ ಉಳಿದರು. ಆಗ ಡಯಾಲಿಸಿಸ್ಸಿನ ಮನೆಯವರಿಗೆ ‘ಎಲ್ಲ ಸರಿಯಾಗುತ್ತದೆ’ ಅಂತ ಯಾವ ಬಾಯಿಂದ ಹೇಳುವುದು? ‘ಇಂಥವರಿಗೆ ಫೋನ್ ಮಾಡಿದ್ದೇನೆ, ನಾಲ್ಕು ಗಂಟೆಗೆ ನಿಮಗೆ ತಿಳಿಸುತ್ತೇನೆ’ ಅಂದವರ ಮಾತೇ ಕೆಲಸಕ್ಕೆ ಬಂದದ್ದು. ಇಂಗ್ಲಿಷಿನಲ್ಲೂ ‘ಐ ವಿಲ್ ಫೈಂಡ್ ಔಟ್ ಆ್ಯಂಡ್ ಕಾಲ್ ಯು ಬ್ಯಾಕ್ ಬೈ ಫೋರ್’ ಅನ್ನುವುದು ಹತ್ತು ‘ಡೋಂಟ್ ವರಿ’ಗಿಂತ ಮೇಲು. ಹೇಳಿದ ಮೇಲೆ ನಾಲ್ಕಕ್ಕೆ ಫೋನು ಮಾಡಬೇಕು, ಗೊತ್ತಾಯಿತಲ್ಲ? ಸುದ್ದಿಯಿಲ್ಲದಿದ್ದರೆ ‘ಸುದ್ದಿಯಿಲ್ಲ’ ಅಂತ ಹೇಳಲಿಕ್ಕಾದರೂ.

ಬೇಗ ಮುಗಿಯದ ಕಷ್ಟಕ್ಕೆ ‘ಹ್ಯಾಂಗ್ ಇನ್ ದೇರ್’ ಇದೆ. ತಿಂಗಳುಗಟ್ಟಲೆ ಕೆಲಸ ಹುಡುಕುತ್ತಿರುವ ಗೆಳೆಯನಿಗೆ ಸರಿ. ಗೆಳೆತನದ ಸಲಿಗೆ ಇರುವಲ್ಲಿ ಮಾತ್ರ, ಮೇಲಧಿಕಾರಿಗೆ ಬೇಡ. ‘ಗೆಟ್ ವೆಲ್ ಸೂನ್’ ವಾಸಿಯಾಗುವ ಕಾಯಿಲೆಗೆ. ವಾಸಿಯಾಗದ ಕಾಯಿಲೆಯವರಿಗೆ ‘ಐ ಆ್ಯಮ್ ಥಿಂಕಿಂಗ್ ಆಫ್ ಯು’ ಅಂದರೆ ಸಾಕು.

ಸಾವಿನ ಮನೆಯಲ್ಲಿ ಮೇಲೆ ಹೇಳಿದ ಯಾವುದೂ ಸಲ್ಲದು. ‘ಐ ಆ್ಯಮ್ ಸೋ ಸಾರಿ’ ಅಥವಾ ‘ಐ ಆ್ಯಮ್ ಸಾರಿ ಫಾರ್ ಯುವರ್ ಲಾಸ್’. ಇಲ್ಲಿಯ ಸಾರಿ ತಪ್ಪೊಪ್ಪಿಗೆಯಲ್ಲ, ನಿಮ್ಮ ದುಃಖ ನನಗೂ ತಾಗಿತು ಅಂತ. ಯಾರಾದರೂ ನಿಮಗೆ ಹಾಗೆ ಹೇಳಿದರೆ ‘ಥ್ಯಾಂಕ್ ಯು’ ಅನ್ನಿ, ‘ನೀವೆಂತಕ್ಕೆ ಸಾರಿ ಹೇಳುವುದು’ ಅಂತ ಕೇಳಬೇಡಿ. ‘ಅಟ್ ಲೀಸ್ಟ್’ ಅಂತ ಶುರುವಾಗುವ ಯಾವ ವಾಕ್ಯವೂ ಆ ಮನೆಗೆ ಬೇಡ.

ಇನ್ನು ನಮ್ಮ ಊರಿನದ್ದೇ ಒಂದೆರಡು. ‘ಪ್ಲೀಸ್ ಡೋಂಟ್ ಮೈಂಡ್’ ಅಂತ ನಾವು ‘ತಪ್ಪು ತಿಳ್ಕೊಳ್ಬೇಡಿ’ ಅನ್ನುವುದಕ್ಕೆ ಹೇಳುತ್ತೇವೆ. ಭಾರತದ ಹೊರಗೆ ಅದರ ಬದಲು ‘ಐ ಹೋಪ್ ಯು ಡೋಂಟ್ ಮೈಂಡ್’ ಅನ್ನಿ. ‘ಐ ಡೋಂಟ್ ಮೈಂಡ್’ ಅಂದರೆ ‘ನನಗೇನೂ ಅಡ್ಡಿಯಿಲ್ಲ’ ಅಂತ, ಬೇಕಿದ್ದಲ್ಲೆಲ್ಲ ಬಳಸಿ. ‘ಡೋಂಟ್ ಫೀಲ್’ ಅರ್ಧಕ್ಕೇ ನಿಂತ ವಾಕ್ಯ, ‘ಡೋಂಟ್ ಫೀಲ್ ಬ್ಯಾಡ್’ ಅಂದರೆ ಪೂರ್ತಿಯಾಯಿತು.

ಕಾಗದಪತ್ರದಲ್ಲಿ ‘ರೆಸ್ಟ್ ಅಶ್ಯೂರ್ಡ್’ ಬರೆಯಬಹುದು, ಮುಖಕ್ಕೆ ಮುಖ ಹೇಳಿದರೆ ನೋಟೀಸು ಓದಿದ ಹಾಗಿರುತ್ತದೆ. ‘ಕೈಂಡ್ಲಿ ಡೋಂಟ್ ವರಿ’ ಎಲ್ಲಿಯೂ ಬೇಡ.

ಈ ವಾರ ತರಗತಿಗೆ ಕೊಟ್ಟಿರುವ ಅಭ್ಯಾಸವನ್ನು ಇಲ್ಲೂ ಹಾಕುತ್ತೇನೆ. ಕೆಳಗೆ ನೋಡದೆ ಮೊದಲು ಬಾಯಿಬಿಟ್ಟು ಹೇಳಿ. ಬಾಡಿಗೆ ಹತ್ತು ದಿನ ತಡವಾಗುತ್ತದೆಂದು ನಿಮ್ಮ ಮನೆಯ ಬಾಡಿಗೆದಾರ ಇಂಗ್ಲಿಷಿನಲ್ಲಿ ಸಾರಿ ಹೇಳಿದ್ದಾನೆ. ಪಕ್ಕದ ಮನೆಯ ಹುಡುಗಿ ಪ್ಲಸ್ ಟೂನಲ್ಲಿ ಒಂದು ವಿಷಯ ಕಳೆದುಕೊಂಡಿದ್ದಾಳೆ, ದುಬೈಯಿಂದ ಅಪ್ಪ ಫೋನು ಮಾಡುವುದರೊಳಗೆ ಅವಳಿಗೆ ಏನಾದರೂ ಹೇಳಬೇಕು. ನಿಮ್ಮ ಡೆಸ್ಕಿನಲ್ಲಿ ಕೊಟ್ಟ ತಪ್ಪು ಮಾಹಿತಿಯಿಂದ ಒಬ್ಬ ಗೆಸ್ಟಿಗೆ ರೈಲು ತಪ್ಪಿದೆ.

ನನ್ನ ಉತ್ತರ: ಬಾಡಿಗೆದಾರನಿಗೆ ‘ದಟ್ಸ್ ಆಲ್ ರೈಟ್, ದ ಫಿಫ್ಟೀಂತ್ ಈಸ್ ಫೈನ್’. ದಿನಾಂಕ ಬಿಡಬೇಡಿ. ಹುಡುಗಿಗೆ ‘ಐ ನೋ ಹೌ ಹಾರ್ಡ್ ಯು ವರ್ಕ್ಡ್. ಯು ಕ್ಯಾನ್ ರೈಟ್ ಇಟ್ ಅಗೇನ್, ಐ ವಿಲ್ ಹೆಲ್ಪ್ ಯು’. ಫೇಲಾದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯುವ ‘ಸೇ’ ಪರೀಕ್ಷೆ ಇದೆಯಲ್ಲ, ಅದರ ಅರ್ಜಿಯ ಕೊನೆಯ ದಿನವನ್ನು ಮೊದಲು ನೋಡಿಟ್ಟುಕೊಂಡು ಹೋಗಿ. ಗೆಸ್ಟಿಗೆ ಸಾರಿ, ಮುಂದಿನ ರೈಲಿನ ಹೊತ್ತು, ಸ್ಟೇಷನ್ನಿಗೆ ಕಾರು, ಇದೇ ಕ್ರಮದಲ್ಲಿ. ರಿಸಾರ್ಟಿನ ಹುಡುಗ ಕಾರಿಗಿಂತ ಮೊದಲು ಒಂದು ಎಳನೀರು ಕೊಡಬಹುದಲ್ಲ ಟೀಚರ್ ಅಂತ ಕೇಳಿದ. ಕೊಡಬಹುದು, ಅದಕ್ಕೆ ಇಂಗ್ಲಿಷ್ ಬೇಡ.